ಅಕ್ರಿಲಿಕ್ ಪೆನ್ ಕಡೆಯುವುದು: ಬಿಸಿ ಏರಗೊಡದೆ ಕೆಲಸ ಮಾಡುವ ಬಗೆ

ಅಕ್ರಿಲಿಕ್ ತುಂಡಿಗೆ ತೂತು ಕೊರೆದು, ಒಳಗೆ ಹಿತ್ತಾಳೆ ಕೊಳವೆ ಅಂಟಿಸಿ, ಲೇತಿನಲ್ಲಿ ದುಂಡಗೆ ಕಡೆಯುವ ಪೆನ್ನು ಸಾಮಾನ್ಯವಾಗಿ ಒಡೆಯುವುದು ಕಡೆತದ ಕೊನೆಯಲ್ಲಿ, ಇನ್ನು ಅರ್ಧ ಮಿಲಿಮೀಟರ್ ತೆಗೆದರೆ ಮುಗಿಯಿತು ಎನ್ನುವಾಗ. ಚಟ್ಟನೆ ಒಂದು ಚಕ್ಕೆ ಹಾರಿ ಒಳಗಿನ ಹಿತ್ತಾಳೆ ಕಾಣುತ್ತದೆ. ಬೈಗುಳ ಉಳಿಗೆ ಬೀಳುತ್ತದೆ. ಆದರೆ ಕೆಲಸ ಕೆಟ್ಟಿರುವುದು ಬಹುಪಾಲು ಅದಕ್ಕೂ ಮುಂಚೆ: ತೂತು ಕೊರೆಯುವಾಗ ಬಿಸಿಯೇರಿ ಒಳಗೆ ಬಿಟ್ಟ ಬಿರುಕು, ಇಲ್ಲವೇ ಕೊಳವೆಯ ಸುತ್ತ ಅಂಟು ತಲುಪದೆ ಉಳಿದ ಪೊಳ್ಳು. ಹಾಗಾಗಿ ಇಲ್ಲಿ ಉಳಿ ಹಿಡಿಯುವುದಕ್ಕಿಂತ ಡ್ರಿಲ್ಲು, ಅಂಟುಗಳ ಮಾತೇ ಹೆಚ್ಚು.

ಉದಾಹರಣೆಗೆ ಇಟ್ಟುಕೊಂಡಿರುವುದು 7 ಮಿ.ಮೀ. ಸ್ಲಿಮ್‌ಲೈನ್ ಕಿಟ್, ಅಂದರೆ ಮೇಲಿನ ಅರ್ಧ ತಿರುಗಿಸಿದರೆ ಮೊನೆ ಹೊರಬರುವ ತೆಳು ಬಾಲ್‌ಪೆನ್ನಿಗೆ ಬೇಕಾದ ಲೋಹದ ಬಿಡಿಭಾಗಗಳ ಕಟ್ಟು. ಹೊಸಬರು ಕಲಿಯಲು ಇದನ್ನೇ ಕೊಳ್ಳುತ್ತಾರೆ, ಅಗ್ಗವೂ ಹೌದು. ಆದರೆ ಸುಲಭದ್ದೇನಲ್ಲ. ಕಿಟ್‌ನ ಲೋಹದ ತುದಿಯ ವ್ಯಾಸ ಸುಮಾರು 8.3 ಮಿ.ಮೀ., ಒಳಗಿನ ಹಿತ್ತಾಳೆ ಕೊಳವೆಯ ಹೊರವ್ಯಾಸ 7. ಅಂದರೆ ಅಂಚಿನಲ್ಲಿ ಕೊನೆಗೆ ಉಳಿಯುವ ಅಕ್ರಿಲಿಕ್ ಗೋಡೆ 0.65 ಮಿ.ಮೀ. ಮಾತ್ರ. ದಪ್ಪ ಪೆನ್ನುಗಳ ಕಿಟ್‌ನಲ್ಲಿ ಗೋಡೆಗೆ ಇನ್ನಷ್ಟು ಮೈ ಸಿಗುತ್ತದೆ, ತಪ್ಪಿಗೂ ಜಾಗ ಸಿಗುತ್ತದೆ. ಸ್ಲಿಮ್‌ಲೈನ್‌ನಲ್ಲಿ ಕೈ ಪಳಗಿದವರಿಗೆ ಮಿಕ್ಕವು ಸಲೀಸು.

ಯಾವ ಅಕ್ರಿಲಿಕ್?

ಅಂಗಡಿಯಲ್ಲಿ ‘ಅಕ್ರಿಲಿಕ್ ಬ್ಲಾಂಕ್’ (ಕಡೆಯಲೆಂದು ಕತ್ತರಿಸಿಟ್ಟ ತುಂಡು) ಎಂದು ಮಾರುವುದೆಲ್ಲ ಅಕ್ರಿಲಿಕ್ ಆಗಿರುವುದಿಲ್ಲ. ಮುತ್ತಿನ ಹೊಳಪಿನ ಸುಳಿ ಸುಳಿ ಬಣ್ಣದ ತುಂಡುಗಳಲ್ಲಿ ಅನೇಕವು ಪಾಲಿಯೆಸ್ಟರ್ ರೆಸಿನ್. ಅದು ಗಾಜಿನ ಸ್ವಭಾವದ್ದು, ಉಳಿ ತುಸು ಹೆಚ್ಚು ಕಚ್ಚಿದರೂ ಚಕ್ಕೆ ಏಳುತ್ತದೆ. ನಿಜವಾದ ಅಕ್ರಿಲಿಕ್ ಸ್ವಲ್ಪ ಮೆದು, ಚೂಪಾದ ಉಳಿಗೆ ಉದ್ದನೆಯ ಸುರುಳಿ ಬಿಡುತ್ತದೆ. ಆದರೆ ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಮೆತ್ತಗಾಗುತ್ತದೆ. ಡ್ರಿಲ್ ಬಿಟ್ಟಿನ ತುದಿ ಆ ಬಿಸಿ ಮುಟ್ಟಲು ಹತ್ತು ಸೆಕೆಂಡೂ ಬೇಕಾಗದು.

ಅಕ್ರಿಲಿಕ್‌ನಲ್ಲೂ ಎರಡು ಜಾತಿ: ಅಚ್ಚಿಗೆ ಹೊಯ್ದದ್ದು (ಕ್ಯಾಸ್ಟ್), ಯಂತ್ರದಿಂದ ಒತ್ತಿ ಎಳೆದದ್ದು (ಎಕ್ಸ್‌ಟ್ರೂಡೆಡ್). ಕೇಳುವಾಗ ‘ಕ್ಯಾಸ್ಟ್’ ಎಂದೇ ಕೇಳಿ. ಎಕ್ಸ್‌ಟ್ರೂಡೆಡ್ ಸರಳು ಬೇಗ ಕರಗಿ ಬಿಟ್ಟಿಗೆ ಮೆತ್ತಿಕೊಳ್ಳುತ್ತದೆ, ಒಳಗೆ ಬಿಗಿ ಉಳಿದಿರುವುದರಿಂದ ಮುಂದೆ ಬಿರುಕು ಬಿಡುವುದೂ ಹೆಚ್ಚು. ಬಣ್ಣದ ಬ್ಲಾಂಕ್ ದುಬಾರಿ ಎನಿಸಿದರೆ ಬೋರ್ಡು ಮಾಡುವ ಅಂಗಡಿಗಳಲ್ಲಿ 20 ಮಿ.ಮೀ. ದಪ್ಪದ ಕ್ಯಾಸ್ಟ್ ಹಾಳೆಯ ಉಳಿಕೆ ತುಂಡು ಕೇಳಿ ನೋಡಿ. ಕೈ ಪಳಗಿಸಲು ಅದು ಧಾರಾಳ ಸಾಕು.

ಒಂದು ಎಚ್ಚರ. ಮರದ ಪೆನ್ನಿಗೆ ಒರೆಸುವ ಸ್ಪಿರಿಟ್ಟು, ಅಸಿಟೋನು, ಥಿನ್ನರು ಯಾವುದನ್ನೂ ಇದರ ಹತ್ತಿರ ತರಬೇಡಿ. ಅಸಿಟೋನ್ ಅಕ್ರಿಲಿಕ್ಕನ್ನು ಕರಗಿಸುತ್ತದೆ. ಸ್ಪಿರಿಟ್ ಕರಗಿಸುವುದಿಲ್ಲ, ಆದರೆ ಬಿಗಿ ಇರುವ ಕಡೆ ಜೇಡನ ಬಲೆಯಂಥ ಸಣ್ಣ ಬಿರುಕು ಎಬ್ಬಿಸುತ್ತದೆ. ಒರೆಸಲು ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ, ಅಷ್ಟೇ.

ಬೇಕಾದ ಸಾಮಾನು

ಚಿಕ್ಕ ಮರದ ಲೇತು ಸಾಕು, ವೇಗ ಬದಲಿಸಲು ಬರಬೇಕು. ಮ್ಯಾಂಡ್ರೆಲ್ (ತುಂಡುಗಳನ್ನು ಪೋಣಿಸಿ ತಿರುಗಿಸುವ ತೆಳು ದಂಡ) ಕೊಳ್ಳುವ ಮುಂಚೆ ನಿಮ್ಮ ಲೇತಿನ ಹೆಡ್‌ಸ್ಟಾಕಿನಲ್ಲಿ (ಮೋಟಾರು ತಿರುಗಿಸುವ ತುದಿ) ಅದು ಕೂರುವ ಇಳಿಜಾರು ತೂತು ಎರಡನೇ ನಂಬರಿನ ಮೋರ್ಸ್ ಟೇಪರೋ ಒಂದನೆಯದೋ ನೋಡಿಕೊಳ್ಳಿ. ತೀರ ಪುಟ್ಟ ಲೇತುಗಳಲ್ಲಿ ಒಂದನೆಯದು ಇರುತ್ತದೆ. ಎದುರು ತುದಿಯ ಟೈಲ್‌ಸ್ಟಾಕಿಗೆ 60 ಡಿಗ್ರಿಯ ತಿರುಗುವ ಸೆಂಟರು (ಮೊನಚು ಆಸರೆ), ಅದೇ ಜಾಗಕ್ಕೆ ಕೂರುವ, ಬಿಟ್ಟು ಹಿಡಿಯುವ ಡ್ರಿಲ್ ಚಕ್ಕು, ಹೆಡ್‌ಸ್ಟಾಕಿಗೆ ಚೌಕ ತುಂಡು ಹಿಡಿಯುವ ನಾಲ್ಕು ದವಡೆಯ ಚಕ್ಕು, ಕಿಟ್‌ಗೆ ಹೊಂದುವ ಮೂರು ಬುಷ್ (ಎಷ್ಟು ದಪ್ಪಕ್ಕೆ ಕಡೆಯಬೇಕೆಂದು ತೋರಿಸುವ ಉಕ್ಕಿನ ಉಂಗುರ), 7 ಮಿ.ಮೀ. ಡ್ರಿಲ್ ಬಿಟ್ಟು, ಅಳೆಯಲು ವರ್ನಿಯರು, ದುಂಡು ಮೂತಿಯ ಸ್ಕ್ರೇಪರು ಇಲ್ಲವೇ ಕಾರ್ಬೈಡ್ ತುದಿಯ ಉಳಿ. ಬ್ಲಾಂಕಿನ ಅಳತೆ 19–20 ಮಿ.ಮೀ. ಚೌಕ, 130 ಮಿ.ಮೀ. ಉದ್ದ.

ಕಣ್ಣಿಗೆ ಕನ್ನಡಕವಲ್ಲ, ಇಡೀ ಮುಖ ಮುಚ್ಚುವ ಶೀಲ್ಡು ಬೇಕು. ಉಜ್ಜುವಾಗ ಮಾಸ್ಕು. ಕೈಗವಸು, ಸಡಿಲ ತೋಳು, ಇಳಿಬಿಟ್ಟ ಕೂದಲು, ದುಪಟ್ಟಾ ತಿರುಗುವ ಲೇತಿನ ಹತ್ತಿರ ಸುಳಿಯಬಾರದು.

ಕತ್ತರಿಸಿ ಕೊರೆಯುವುದು

ಕಿಟ್‌ನ ಎರಡು ಕೊಳವೆಗಳನ್ನು ಅಳೆಯಿರಿ. ಸ್ಲಿಮ್‌ಲೈನ್‌ನಲ್ಲಿ ಒಂದೊಂದೂ 53 ಮಿ.ಮೀ. ಆಸುಪಾಸು. ಬ್ಲಾಂಕನ್ನು ಒಂದೊಂದು ಕೊಳವೆಗೆ 63 ಮಿ.ಮೀ.ನಂತೆ ಎರಡು ತುಂಡು ಮಾಡಿ. ಗರಗಸ ತಿನ್ನುವ ಎರಡು ಮಿಲಿಮೀಟರ್ ಸೇರಿ 128 ಆಯಿತು, 130ರಲ್ಲಿ ಹಿಡಿಯುತ್ತದೆ. ಕತ್ತರಿಸುವ ಮೊದಲೇ ಒಂದು ಮೈಯುದ್ದಕ್ಕೂ ಮಾರ್ಕರಿನಿಂದ ಗೆರೆ ಎಳೆದು, ನಡುವಿನ ಕೂಡು ಜಾಗಕ್ಕೆ ಎರಡೂ ಕಡೆ ಗುರುತು ಹಾಕಿ. ಇದನ್ನು ಮರೆತರೆ ಜೋಡಿಸುವಾಗ ಬಣ್ಣದ ಸುಳಿ ಒಂದಕ್ಕೊಂದು ಕೂಡುವುದಿಲ್ಲ, ಆಮೇಲೆ ಸರಿಪಡಿಸುವ ದಾರಿಯಿಲ್ಲ.

ಹೆಚ್ಚುವರಿ 10 ಮಿ.ಮೀ. ಇಟ್ಟದ್ದು ಸುಮ್ಮನೆ ಅಲ್ಲ. ಬಿಟ್ಟು ಆಚೆ ಬದಿಯಿಂದ ಹೊರಬೀಳುವ ಗಳಿಗೆಯಲ್ಲಿ ಅಲ್ಲಿ ಉಳಿದ ತೆಳು ಪದರವನ್ನು ತಳ್ಳಿ ಒಡೆಯುತ್ತದೆ. ಆದ್ದರಿಂದ ಆರಪಾರ ಕೊರೆಯಲೇಬೇಡಿ. ಕೂಡು ಜಾಗದ ಕಡೆಯಿಂದ ಶುರುಮಾಡಿ 57–58 ಮಿ.ಮೀ. ಆಳಕ್ಕೆ ನಿಲ್ಲಿಸಿ, ತಳದ ಮುಚ್ಚಿದ ಭಾಗವನ್ನು ಗರಗಸದಿಂದ ಕತ್ತರಿಸಿ ಹಾಕಿ. ತೂತು ತಾನಾಗಿ ತೆರೆಯುತ್ತದೆ, ಅಂಚೂ ಸ್ವಚ್ಛ.

ಮಾಮೂಲಿ 118 ಡಿಗ್ರಿಯ ಬಿಟ್ಟು ಕಬ್ಬಿಣಕ್ಕೆಂದು ಮಾಡಿದ್ದು. ಅದರ ಕತ್ತರಿಸುವ ಅಂಚು ಅಕ್ರಿಲಿಕ್ಕನ್ನು ಗಬಕ್ಕನೆ ಕಚ್ಚಿ ಸ್ಕ್ರೂನಂತೆ ಒಳಗೆ ಎಳೆದುಕೊಳ್ಳುತ್ತದೆ. ಸಣ್ಣ ಸಾಣೆಕಲ್ಲಿನಿಂದ ಆ ಎರಡು ಅಂಚುಗಳ ಮುಂಮೈಯನ್ನು, ಬಿಟ್ಟಿನ ಉದ್ದಕ್ಕೆ ಸಮವಾಗಿ, ಎರಡು ಮೂರು ಸಲ ಮಾತ್ರ ಉಜ್ಜಿ. ಕೂದಲೆಳೆಯಷ್ಟು ಚಪ್ಪಟೆಯಾದರೆ ಸಾಕು, ಬಿಟ್ಟು ಕಚ್ಚುವ ಬದಲು ಕೆರೆಯತೊಡಗುತ್ತದೆ. ಹಾಗೆ ಮಾಡಿದ ಬಿಟ್ಟನ್ನು ಪ್ಲಾಸ್ಟಿಕ್ಕಿಗೇ ಮೀಸಲಿಡಿ, ಕಬ್ಬಿಣಕ್ಕೆ ಮತ್ತೆ ಚೆನ್ನಾಗಿ ನಡೆಯದು.

ವೇಗ ನಿಮಿಷಕ್ಕೆ 500 ಸುತ್ತಿನ ಆಸುಪಾಸು. ಮೊದಲು ಸೆಂಟರ್ ಬಿಟ್ಟಿನಿಂದ ಒಂದು ಗುಳಿ ಮಾಡಿಕೊಳ್ಳಿ, ಇಲ್ಲದಿದ್ದರೆ ಉದ್ದ ಬಿಟ್ಟು ಪಕ್ಕಕ್ಕೆ ಅಲೆಯುತ್ತದೆ. ಆಮೇಲೆ 5 ಮಿ.ಮೀ. ಒಳಗೆ, ಪೂರ್ತಿ ಹೊರಗೆ, ಹೊಟ್ಟು ಬ್ರಷ್ಷಿನಿಂದ ಸ್ವಚ್ಛ, ಸೋಪಿನ ನೀರು ಎರಡು ಹನಿ, ಮತ್ತೆ 5 ಮಿ.ಮೀ. ತಳಕ್ಕೆ ಹೋದಷ್ಟೂ ಈ ಹೆಜ್ಜೆ ಇನ್ನೂ ಚಿಕ್ಕದಾಗಬೇಕು, ಏಕೆಂದರೆ ಹೊಟ್ಟು ಹೊರಬರುವ ದಾರಿ ಉದ್ದವಾಗುತ್ತದೆ. ಬಿಟ್ಟಿನ ತೋಡಿನಲ್ಲಿ ಹೊಟ್ಟು ಬಿಳಿ ಪುಡಿಯಾಗಿಯೋ ಚಿಕ್ಕ ಸುರುಳಿಯಾಗಿಯೋ ಬರುತ್ತಿದ್ದರೆ ಎಲ್ಲ ಸರಿ. ಮೇಣದಂತೆ ಮೆತ್ತಿಕೊಂಡಿದ್ದರೆ, ಘಾಟು ವಾಸನೆ ಬಂದರೆ, ಅಲ್ಲಿಗೆ ನಿಲ್ಲಿಸಿ ಆರಲು ಬಿಡಿ. ತಣ್ಣೀರಿಗೆ ಹಾಕಿ ಆರಿಸುವ ಆತುರ ಬೇಡ. ಬಿಸಿ ತುಂಡಿಗೆ ತಟ್ಟನೆ ತಂಪು ತಗುಲಿದರೆ ಬಿರುಕು ಹುಟ್ಟುವುದೇ ಹಾಗೆ.

ಚನ್ನಪಟ್ಟಣದ ಆಟಿಕೆ ಕೆಲಸ ನೋಡಿದವರಿಗೆ ಇದು ವಿಚಿತ್ರ ಅನಿಸೀತು. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿಕೊಂಡು ಹುಟ್ಟುವ ಬಿಸಿಯಿಂದಲೇ ಬಣ್ಣ ಹತ್ತಿಸುತ್ತಾರೆ. ಇಲ್ಲಿ ಅದೇ ಬಿಸಿ ಶತ್ರು.

ಕೊರೆದ ತುಂಡು ಪೂರ್ತಿ ತಣ್ಣಗಾದ ಮೇಲೆ ಕೊಳವೆ ಹಾಕಿ ನೋಡಿ. ಬಿಸಿಯಲ್ಲಿ ಕೊರೆದ ತೂತು ಆರಿದಾಗ ಬಿಗಿಯಾಗಿರಬಹುದು. ತಳ್ಳಿ ಕೂರಿಸಬೇಡಿ, ಬಿಟ್ಟನ್ನು ಇನ್ನೊಮ್ಮೆ ನಿಧಾನವಾಗಿ ಓಡಿಸಿ. ಕೊಳವೆ ಬೆರಳಿನ ಒತ್ತಡಕ್ಕೆ ಜಾರಬೇಕು, ಆದರೆ ಅಲ್ಲಾಡಬಾರದು.

ಬಣ್ಣ, ಅಂಟು

ಬೆಳಕು ಹಾಯುವ ಬ್ಲಾಂಕ್ ಆದರೆ ಒಳಗಿನ ಹಿತ್ತಾಳೆ ಹೊರಗೆ ಕಾಣುತ್ತದೆ, ತೆಳ್ಳಗೆ ಕಡೆದಷ್ಟೂ ಹೆಚ್ಚು. ಬಿಳಿ, ತಿಳಿ ನೀಲಿ, ಹಳದಿಗಳಲ್ಲಿ ಇದು ಕೊಳಕಾಗಿ ಕಾಣುತ್ತದೆ. ತೂತಿನ ಒಳಗೋಡೆಗೆ ನೀರಿನಲ್ಲಿ ಕಲಸುವ ಬಣ್ಣವನ್ನು ಹತ್ತಿಕಡ್ಡಿಯಿಂದ ತೆಳುವಾಗಿ ಬಳಿದು ಒಂದು ದಿನ ಒಣಗಿಸಿ, ಕೊಳವೆಯ ಮೇಲೂ ಅದೇ ಬಣ್ಣ ಹಚ್ಚಿ. ಸ್ಪ್ರೇ ಡಬ್ಬಿಯ ಬಣ್ಣ ತೂತಿನೊಳಗೆ ಬೇಡ, ಅದರಲ್ಲಿರುವ ಥಿನ್ನರು ಅಕ್ರಿಲಿಕ್ಕಿಗೆ ತಾಗುತ್ತದೆ. ಬಿಳಿ ಬಣ್ಣ ಬ್ಲಾಂಕನ್ನು ಬೆಳಗಿಸುತ್ತದೆ, ಕಪ್ಪು ಬಣ್ಣ ಮುತ್ತಿನ ಹೊಳಪನ್ನು ಆಳವಾಗಿಸುತ್ತದೆ. ಗಾಢ ಬಣ್ಣದ, ಬೆಳಕು ಹಾಯದ ತುಂಡಿಗೆ ಈ ಕೆಲಸವೇ ಬೇಡ.

ಹಿತ್ತಾಳೆ ಕೊಳವೆಯನ್ನು 150 ನಂಬರಿನ ಉಜ್ಜುಕಾಗದದಿಂದ ಅಡ್ಡಡ್ಡ ಉಜ್ಜಿ ಹೊಳಪು ತೆಗೆಯಿರಿ, ಬಣ್ಣ ಹಚ್ಚುವುದಿದ್ದರೆ ಅದಕ್ಕೂ ಮೊದಲು. ನುಣುಪು ಲೋಹಕ್ಕೆ ಅಂಟು ನಿಲ್ಲದು. ಕೊಳವೆಯ ಎರಡೂ ಬಾಯಿಗೆ ಮೇಣವನ್ನೋ ಮಕ್ಕಳಾಡುವ ಬಣ್ಣದ ಜೇಡಿಯನ್ನೋ ಒತ್ತಿದರೆ ಅಂಟು ಒಳಗೆ ನುಗ್ಗುವುದಿಲ್ಲ.

ಅಂಟಿನ ಬಗ್ಗೆ ನಮ್ಮ ಅಭಿಪ್ರಾಯ ಖಚಿತ: ಎಪಾಕ್ಸಿ. ಫೆವಿಕ್ವಿಕ್‌ನಂಥ ಅಂಟು ಬೇಗ ಹಿಡಿಯುತ್ತದೆ, ಅದೇ ಅದರ ತೊಂದರೆ. ಕೊಳವೆ ಅರ್ಧ ಒಳಗೆ ಹೋಗಿರುವಾಗ ಗಟ್ಟಿಯಾಗಿಬಿಟ್ಟರೆ ಆ ತುಂಡು ಎಸೆಯಬೇಕು. ತೆಳು ಅಂಟು ಪೊಳ್ಳು ತುಂಬುವುದೂ ಇಲ್ಲ. ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿಯನ್ನು ಸಮ ಪ್ರಮಾಣದಲ್ಲಿ ಕಲಸಿ, ತೂತಿನ ಗೋಡೆಗೂ ಕೊಳವೆಗೂ ಹಚ್ಚಿ. ಕೊಳವೆಯನ್ನು ತಿರುಗಿಸುತ್ತಾ ಒಳಕ್ಕೂ ಹೊರಕ್ಕೂ ಎರಡು ಮೂರು ಸಲ ಆಡಿಸಿ, ಆಮೇಲೆ ತಳ್ಳಿ. ತಿರುಗಿಸದೆ ನೇರ ತಳ್ಳಿದರೆ ಕೊಳವೆ ತನ್ನ ಮುಂದಿನ ಅಂಟನ್ನೆಲ್ಲ ಗುಡಿಸಿಕೊಂಡು ಹೋಗಿ ಹಿಂದೆ ಪೊಳ್ಳು ಬಿಡುತ್ತದೆ. ಎರಡೂ ತುದಿಯಲ್ಲಿ ಕೊಳವೆ ಅಕ್ರಿಲಿಕ್‌ಗಿಂತ ಒಂದು ಮಿಲಿಮೀಟರಿನಷ್ಟಾದರೂ ಒಳಗಿರಲಿ. ಐದು ನಿಮಿಷದ ಎಪಾಕ್ಸಿಯಾದರೂ ರಾತ್ರಿಯಿಡೀ ಬಿಡಿ. ಐದು ನಿಮಿಷ ಎಂದರೆ ಕೈಗೆ ಅಂಟದಷ್ಟು, ಕಡೆಯುವಷ್ಟು ಗಟ್ಟಿ ಅಲ್ಲ.

ತುದಿ ಚೌಕಗೊಳಿಸುವುದು

ತುದಿಯ ಮುಖ ಕೊಳವೆಗೆ ಸರಿಯಾಗಿ ಲಂಬವಾಗಿರದಿದ್ದರೆ ಪೆನ್ನಿನ ಎರಡು ಭಾಗಗಳ ನಡುವೆ ಒಂದು ಕಡೆ ಸಂದು ಕಾಣುತ್ತದೆ. ಇದಕ್ಕೆಂದೇ ‘ಪೆನ್ ಮಿಲ್’ ಸಿಗುತ್ತದೆ: ಕೊಳವೆಯೊಳಗೆ ಕೂರುವ ದಂಡ, ಅದರ ಸುತ್ತ ಹಲ್ಲಿನ ತಲೆ. ಹಲ್ಲು ಮೊಂಡಾಗಿದ್ದರೆ ಅಕ್ರಿಲಿಕ್ ಅಂಚು ಚೂರಾಗುತ್ತದೆ, ಹಾಗಾಗಿ ಕೈಯಲ್ಲೇ ನಿಧಾನವಾಗಿ ತಿರುಗಿಸಿ. ಇನ್ನೂ ಸುರಕ್ಷಿತ ದಾರಿ ಉಜ್ಜುವುದು. ಚಪ್ಪಟೆ ಹಲಗೆಯ ತಟ್ಟೆಯನ್ನು ಚಕ್ಕಿಗೆ ಕಟ್ಟಿ 120 ನಂಬರಿನ ಕಾಗದ ಅಂಟಿಸಿ. ಕೊಳವೆಯೊಳಗೆ ಬಿಗಿಯಾಗಿ ಕೂರುವ ದಂಡಕ್ಕೆ ತುಂಡನ್ನು ತೂರಿಸಿ, ಟೈಲ್‌ಸ್ಟಾಕಿನ ಡ್ರಿಲ್ ಚಕ್ಕಿನಿಂದ ಮೆಲ್ಲಗೆ ತಟ್ಟೆಗೆ ತಾಗಿಸಿ.

ಹಿತ್ತಾಳೆಯ ಉಂಗುರ ಸುತ್ತಲೂ ಮಿನುಗಿದ ಕ್ಷಣ ನಿಲ್ಲಿಸಿ. ಅದರಾಚೆ ಹೋದರೆ ಕೊಳವೆಯೇ ಗಿಡ್ಡವಾಗುತ್ತದೆ, ಆಮೇಲೆ ರೀಫಿಲ್ ಪೂರ್ತಿ ಒಳಗೆ ಹೋಗದೆ ಮೊನೆ ಸದಾ ಹೊರಗೇ ಇಣುಕುತ್ತದೆ.

ಕಡೆತ

ಮ್ಯಾಂಡ್ರೆಲ್ ಮೇಲೆ ಬುಷ್, ಕೆಳ ತುಂಡು, ಬುಷ್, ಮೇಲ್ತುಂಡು, ಬುಷ್. ಕೂಡು ಗುರುತುಗಳು ನಡುವಿನ ಬುಷ್ ಕಡೆಗೆ. ನಟ್ಟನ್ನು ಬೆರಳಿನಿಂದ ಮಾತ್ರ ಬಿಗಿಮಾಡಿ, ಟೈಲ್‌ಸ್ಟಾಕನ್ನು ಸೆಂಟರು ತಿರುಗುವಷ್ಟೇ ತಾಗಿಸಿ. ಎರಡರಲ್ಲಿ ಯಾವುದು ಹೆಚ್ಚಾದರೂ ತೆಳು ದಂಡ ಬಿಲ್ಲಿನಂತೆ ಬಾಗುತ್ತದೆ. ಕಣ್ಣಿಗೆ ಅದು ಕಾಣದು. ಆದರೆ ಮುಗಿದ ಪೆನ್ನಿನ ಅಂಚು ಒಂದು ಕಡೆ ಲೋಹಕ್ಕೆ ಸರಿಸಮ, ಎದುರು ಕಡೆ ಉಗುರಿಗೆ ತಡೆಯುವ ಮೆಟ್ಟಿಲು. ಪೆನ್ನು ‘ದುಂಡಗೆ ಬಂದಿಲ್ಲ’ ಎಂಬ ದೂರಿನ ಮೂಲ ಹತ್ತಕ್ಕೆ ಎಂಟು ಸಲ ಇದೇ.

ಚೌಕ ತುಂಡಿನ ನಾಲ್ಕು ಮೂಲೆ ಉಳಿಗೆ ಬಡಿಯುವ ಹಂತವೇ ಅಪಾಯದ್ದು, ಪಾಲಿಯೆಸ್ಟರ್ ಆದರೆ ಇನ್ನೂ. ಮೂಲೆಗಳನ್ನು ಮೊದಲೇ ಅರದಿಂದಲೋ ಉಜ್ಜು ಯಂತ್ರದಿಂದಲೋ ಬೋಳಿಸಿ ಎಂಟು ಮೂಲೆ ಮಾಡಿಕೊಂಡರೆ ಅರ್ಧ ತಲೆನೋವು ಕಡಿಮೆ. 1,500 ಸುತ್ತಿನಲ್ಲಿ ಶುರುಮಾಡಿ, ದುಂಡಗಾದ ಮೇಲೆ 2,500ಕ್ಕೆ ಏರಿಸಿ. ಸ್ಕ್ರೇಪರಿನ ಅಂಚು ಪೆನ್ನಿನ ನಡುಮಟ್ಟದಲ್ಲಿ ಅಥವಾ ಕೂದಲೆಳೆ ಮೇಲೆ ಇರಲಿ, ಹಿಡಿ ತುಸು ಮೇಲೆ, ಮೂತಿ ತುಸು ಕೆಳಗೆ. ಮೂತಿ ಮೇಲಾದರೆ ಕಚ್ಚುತ್ತದೆ. ಉಳಿಗೆ ಆಸರೆಯಾಗುವ ಟೂಲ್ ರೆಸ್ಟನ್ನು ಮೈ ತೆಳ್ಳಗಾದಂತೆಲ್ಲ ಹತ್ತಿರ ತರುತ್ತಿರಿ, ಪ್ರತಿ ಸಲವೂ ಲೇತು ನಿಲ್ಲಿಸಿ.

ಉಳಿ ಸರಿಯಾಗಿದೆಯೇ ಎಂದು ತಿಳಿಯಲು ಹೊಟ್ಟು ನೋಡಿ. ಅಕ್ರಿಲಿಕ್‌ನಿಂದ ಉದ್ದ ದಾರದಂಥ ಸುರುಳಿ ಬಂದರೆ ಚೂಪಾಗಿದೆ. ಪುಡಿ ಬಂದು ಮೈ ಮಂಕಾದರೆ ಸಾಣೆ ಹಿಡಿಯಬೇಕು, ಕಾರ್ಬೈಡ್ ಆದರೆ ತುದಿಯನ್ನು ತುಸು ತಿರುಗಿಸಿ ಹೊಸ ಅಂಚು ತನ್ನಿ. ಸುರುಳಿ ಮ್ಯಾಂಡ್ರೆಲ್ಲಿಗೆ ಸುತ್ತಿಕೊಂಡು ಉಂಡೆಯಾಗುತ್ತದೆ, ಓಡುವ ಲೇತಿನಲ್ಲಿ ಕೈಯಿಂದ ಎಳೆಯಲು ಹೋಗಬೇಡಿ. ಸ್ಥಾಯಿ ವಿದ್ಯುತ್ತಿನಿಂದ ಅದು ಅಂಗಿ, ಕೂದಲು, ಗೋಡೆಗೆಲ್ಲ ಅಂಟುತ್ತದೆ. ಗುಡಿಸುವ ಕೆಲಸ ಕಡೆಯುವಷ್ಟೇ ಹೊತ್ತು ಹಿಡಿಯುತ್ತದೆ ಎಂದು ಮೊದಲೇ ಒಪ್ಪಿಕೊಳ್ಳುವುದು ಲೇಸು.

ಬುಷ್‌ಗಿಂತ 0.2 ಮಿ.ಮೀ. ದಪ್ಪ ಉಳಿದಾಗ ಉಳಿ ಕೆಳಗಿಡಿ. ಉಳಿದದ್ದು ಕಾಗದದ ಪಾಲು. ಈ ಅಳತೆಗೆ ಬುಷ್ ನಂಬಬೇಡಿ, ಉಜ್ಜಿ ಉಜ್ಜಿ ಹಳೆಯ ಬುಷ್ ಸವೆದಿರುತ್ತದೆ. ಕಿಟ್‌ನ ಲೋಹದ ಭಾಗವನ್ನೇ ವರ್ನಿಯರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ.

ಉಜ್ಜಿ ಹೊಳಪು ತರುವುದು

ಇಲ್ಲಿ ನೀರು ಬೇಕೇ ಬೇಕು. ಒಣ ಕಾಗದ ಎರಡೇ ಕ್ಷಣದಲ್ಲಿ ಮೈಯನ್ನು ಬಿಸಿ ಮಾಡಿ ಪುಡಿಯನ್ನು ಮತ್ತೆ ಮೈಗೇ ಮೆತ್ತುತ್ತದೆ. ಲೇತಿನ ಹಾಸಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಕೆಲಸ ಮುಗಿದ ಮೇಲೆ ಹಾಸಿಗೆ ಎಣ್ಣೆ ಒರೆಸಿ, ಇಲ್ಲದಿದ್ದರೆ ಮರುದಿನವೇ ತುಕ್ಕು.

ವೇಗ 800ಕ್ಕೆ ಇಳಿಸಿ. ವಾಟರ್ ಪೇಪರ್ 400, ಆಮೇಲೆ 600. ಒಂದೊಂದು ನಂಬರು ಮುಗಿದಾಗಲೂ ಲೇತು ನಿಲ್ಲಿಸಿ, ಅದೇ ಕಾಗದದಿಂದ ಪೆನ್ನಿನ ಉದ್ದಕ್ಕೆ ಕೈಯಲ್ಲಿ ಉಜ್ಜಿ, ಒರೆಸಿ, ದೀಪದ ಕೆಳಗೆ ಹೊರಳಿಸಿ ನೋಡಿ. ಸುತ್ತ ಸುತ್ತಿದ ಗೀರು ಒಂದೇ ಒಂದು ಕಂಡರೂ ಮುಂದಿನ ಕಾಗದಕ್ಕೆ ಹೋಗಬೇಡಿ. 400ರ ಗೀರನ್ನು 2000ದ ಕಾಗದ ಅಳಿಸುವುದಿಲ್ಲ, ಅದರ ಸುತ್ತ ಹೊಳಪು ತಂದು ಇನ್ನಷ್ಟು ಎದ್ದು ಕಾಣಿಸುತ್ತದೆ.

ಇಲ್ಲಿಂದ ಮುಂದೆ ಎರಡು ದಾರಿ. ಮೈಕ್ರೋಮೆಶ್ ಒಂಬತ್ತು ಪ್ಯಾಡುಗಳ ಸೆಟ್ 1500ರಿಂದ 12000ದವರೆಗೆ ಇರುತ್ತದೆ. ಅದರ 1500 ಮಾಮೂಲಿ ಕಾಗದದ 1500 ಅಲ್ಲ, ಸರಿಸುಮಾರು 400–600ಕ್ಕೆ ಸಮ. ಹಾಗಾಗಿ 600 ಆದ ಮೇಲೆ ನೇರ ಅದರ ಮೊದಲ ಪ್ಯಾಡಿಗೆ ಹೋಗಬಹುದು. ಅದು ಸಿಗದಿದ್ದರೆ ಕಾರಿನ ಬಣ್ಣದ ಅಂಗಡಿಯಲ್ಲಿ 800, 1000, 1500, 2000 ವಾಟರ್ ಪೇಪರು, ಒಂದು ಡಬ್ಬಿ ರಬ್ಬಿಂಗ್ ಕಾಂಪೌಂಡು ತನ್ನಿ. ಕೊನೆಗೆ ಮೆತ್ತನೆ ಹತ್ತಿ ಬಟ್ಟೆಗೆ ಪ್ಲಾಸ್ಟಿಕ್ ಪಾಲಿಶ್. ಬಟ್ಟೆಯನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ, ಮಡಚಿ ಕೆಳಗಿನಿಂದ ಹಿಡಿಯಿರಿ. ಲೇತು ಬಟ್ಟೆ ಹಿಡಿದರೆ ಬೆರಳೂ ಹೋಗುತ್ತದೆ.

ತಿಳಿ ಬಣ್ಣದ ಪೆನ್ನಿನ ಅಂಚು ಬೂದು ಬಣ್ಣಕ್ಕೆ ತಿರುಗಿದರೆ ಅದು ಬುಷ್‌ನ ಉಕ್ಕಿನ ಪುಡಿ. ಉಜ್ಜುವ ಹಂತಕ್ಕೆ ಉಕ್ಕಿನ ಬುಷ್ ತೆಗೆದು ಪ್ಲಾಸ್ಟಿಕ್ ಬುಷ್ ಹಾಕಿಕೊಳ್ಳಿ.

ಅಕ್ರಿಲಿಕ್ ಮೇಲೆ ವಾರ್ನಿಶ್, ಮೇಣ ಯಾವುದೂ ಬೇಡ. ಮೈಯೇ ಹೊಳಪು.

ಜೋಡಣೆ

ಮೊದಲು ಕೊಳವೆಯ ಬಾಯಿ ನೋಡಿ. ಒಳಗೆ ಅಂಟಿನ ಗಂಟು ಉಳಿದಿದ್ದರೆ ದುಂಡು ಅರದಿಂದ ಕೆರೆದು ತೆಗೆಯಿರಿ. ಗಂಟಿನ ಮೇಲೆ ಲೋಹ ಒತ್ತಿದರೆ ಕೊಳವೆ ಹಿಗ್ಗುತ್ತದೆ, 0.65 ಮಿ.ಮೀ. ಗೋಡೆ ಅದನ್ನು ತಡೆಯದೆ ಸೀಳುತ್ತದೆ. ಕೆಲವೊಮ್ಮೆ ಒಂದು ವಾರ ಬಿಟ್ಟು ಸೀಳುತ್ತದೆ, ಆಗ ಕಾರಣವೇ ಹೊಳೆಯುವುದಿಲ್ಲ.

ಲೋಹದ ಭಾಗಗಳನ್ನು ಒತ್ತಿ ಕೂರಿಸಲು ದವಡೆಗೆ ಮರದ ತುಂಡು ಇಟ್ಟ ಬೆಂಚ್ ವೈಸ್ ಸಾಕು. ಮೋಟಾರು ಆರಿಸಿದ ಲೇತಿನ ಟೈಲ್‌ಸ್ಟಾಕೂ ಒಳ್ಳೆಯ ಪ್ರೆಸ್. ಕೆಳ ತುಂಡಿನ ಹೊರ ತುದಿಗೆ ಮೊನೆಯ ಭಾಗ ಒತ್ತಿ. ಅದೇ ತುಂಡಿನ ಕೂಡು ಬದಿಯಿಂದ ತಿರುಗುವ ಯಾಂತ್ರಿಕ ಭಾಗವನ್ನು ಹಿತ್ತಾಳೆ ತುದಿ ಮುಂದಾಗಿ ತೂರಿಸಿ. ಇಲ್ಲಿ ಅವಸರ ಮಾಡಿದವರು ಕೆಟ್ಟರು. ಸ್ವಲ್ಪ ಒತ್ತಿ, ಕ್ರಾಸ್ ಮಾದರಿಯ ರೀಫಿಲ್ ಹಾಕಿ, ತಿರುಗಿಸಿ ನೋಡಿ, ಮತ್ತೆ ಸ್ವಲ್ಪ ಒತ್ತಿ. ಮೊನೆ ಹೊರಬಂದಾಗ 2–3 ಮಿ.ಮೀ. ಕಾಣಬೇಕು, ಒಳಗೆಳೆದಾಗ ಪೂರ್ತಿ ಮರೆಯಾಗಬೇಕು. ಕಡಿಮೆ ಒತ್ತಿದ್ದನ್ನು ಇನ್ನಷ್ಟು ಒತ್ತಬಹುದು. ಹೆಚ್ಚು ಒತ್ತಿದ್ದನ್ನು ಹೊರತೆಗೆಯಲು ಮೊನೆಯ ಕಡೆಯಿಂದ ತೆಳು ಕಬ್ಬಿಣದ ಕಡ್ಡಿ ತೂರಿ ತಟ್ಟಬೇಕು, ಆ ಪೆಟ್ಟಿಗೆ ಮೊನೆಯ ಲೋಹವೋ ಅಂಚೋ ಹೋಗುವ ಸಂಭವವೇ ಹೆಚ್ಚು.

ಮೇಲ್ತುಂಡಿನ ಹೊರ ತುದಿಗೆ ಕ್ಲಿಪ್ಪನ್ನು ಅದರ ಟೋಪಿಯ ಜೊತೆ ಒತ್ತಿ. ನಡುವಿನ ಉಂಗುರವನ್ನು ಯಾಂತ್ರಿಕ ಭಾಗದ ಮೇಲೆ ಇಳಿಬಿಟ್ಟು, ಮೇಲ್ತುಂಡನ್ನು ಕೈಯಲ್ಲೇ ಒತ್ತಿ ಕೂರಿಸಿ, ಬಣ್ಣದ ಸುಳಿ ಕೂಡುವಂತೆ ತಿರುಗಿಸಿ. ಈ ಭಾಗ ಬಿಗಿಯಿಂದಲೇ ನಿಲ್ಲುತ್ತದೆ, ಅಂಟು ಹಾಕಿದರೆ ರೀಫಿಲ್ ಬದಲಿಸಲಾಗದು.

ಕಿಟ್ ಬಿಟ್ಟ ಮೇಲೆ

ಕಿಟ್ ಇಲ್ಲದೆ, ಕೊಳವೆಯೂ ಇಲ್ಲದೆ, ಪೂರ್ತಿ ಅಕ್ರಿಲಿಕ್‌ನಲ್ಲೇ ತಿರುಪು ಕೊಯ್ದು ಇಂಕ್ ಪೆನ್ ಮಾಡುವುದು ಇದರ ಮುಂದಿನ ಮೆಟ್ಟಿಲು. ರಾಜಮಹೇಂದ್ರಿಯ ರತ್ನಂ, ತಮಿಳುನಾಡಿನ ತಿರುವಳ್ಳೂರಿನ ರಂಗಾ ಪೆನ್ನುಗಳು ಈ ದಾರಿಯವು, ಅಲ್ಲಿ ಅಕ್ರಿಲಿಕ್‌ಗಿಂತ ಎಬೊನೈಟ್‌ಗೆ (ಗಟ್ಟಿ ಮಾಡಿದ ರಬ್ಬರು) ಹಳೆಯ ಮರ್ಯಾದೆ. ಮೊದಲ ಪ್ರಯತ್ನಕ್ಕೆ ಹಿಡಿಕೆ ಮತ್ತು ಮೈ ಕೂಡುವ ತಿರುಪನ್ನು ಎಂ10 (10 ಮಿ.ಮೀ. ವ್ಯಾಸ), ಒಂದು ಮಿ.ಮೀ. ಅಂತರದ್ದು ಇಟ್ಟುಕೊಳ್ಳಿ. ಒಳತಿರುಪಿಗೆ 9 ಮಿ.ಮೀ. ತೂತು. ಒಳತಿರುಪು ಕೊಯ್ಯುವ ಟ್ಯಾಪನ್ನು ಟೈಲ್‌ಸ್ಟಾಕಿನ ಆಸರೆಯಲ್ಲಿ ನೇರ ಹಿಡಿದು ಕೈಯಲ್ಲೇ ತಿರುಗಿಸಿ: ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಸೋಪಿನ ನೀರು, ನಾಲ್ಕು ಸಲಕ್ಕೊಮ್ಮೆ ಟ್ಯಾಪನ್ನು ಪೂರ್ತಿ ಹೊರತೆಗೆದು ಬ್ರಷ್ಷು. ಹೊರತಿರುಪಿನ ಭಾಗವನ್ನು 10ಕ್ಕೆ ಬದಲು 9.9 ಮಿ.ಮೀ.ಗೆ ಕಡೆದು, ತುದಿಯನ್ನು ತುಸು ಇಳಿಜಾರು ಮಾಡಿ, ಹೊರತಿರುಪು ಕೊಯ್ಯುವ ಡೈ ಹತ್ತಿಸಿ. ಸರಿಯಾಗಿ 10 ಇಟ್ಟರೆ ತಿರುಪಿನ ತಲೆ ಬಿಳಿಯಾಗಿ ಉದುರುತ್ತದೆ.